ತಪ್ಪು ತುಂಬಿದ ಚಿತ್ರ

ಅವನನ್ನು ಬೀದಿಯವರೆಲ್ಲ ಕುಶನ್ ಎಂದೇ ಕರೆಯುತ್ತಿದ್ದರು. ಅಂಗಡಿಯ ಬೋರ್ಡಿನ ಮೇಲೆ ಅಪ್ಪ ಇಟ್ಟ ಹೆಸರೇನೋ ಇತ್ತು. ಬಿಸಿಲಿಗೆ ಆ ಸಾಲು ಪೂರ್ತಿ ಮಾಸಿ, ಕೆಳಗಿನ ‘ಕುಶನ್ ಕೆಲಸ ಮಾಡಿಕೊಡಲಾಗುವುದು’ ಎಂಬುದರಲ್ಲಿ ಮೊದಲ ಮಾತಷ್ಟೇ ಕಣ್ಣಿಗೆ ಬೀಳುತ್ತಿತ್ತು. ಹೊಸದಾಗಿ ಬರೆಯಿರಿ ಎಂದು ಹೆಂಡತಿ ಹೇಳಿ ಹೇಳಿ ಸಾಕಾಗಿದ್ದಳು. ಅವನು ಕುಂಚ ಹಿಡಿಯುವ ಆಸಾಮಿಯೇ ಹೌದು, ಆದರೆ ಆ ಕುಂಚಕ್ಕೆ ಅಕ್ಷರ ಬರೆಯುವಷ್ಟು ಪುರುಸೊತ್ತು ಎಲ್ಲಿತ್ತು? ಕೋಟಿಗಟ್ಟಲೆ ವರ್ಷಗಳ ಹಿಂದೆ ಸತ್ತುಹೋದ ಪ್ರಾಣಿಗಳಿಗೆ ಚರ್ಮ ಹೊದಿಸುವುದರಲ್ಲೇ ಅದರ ಆಯುಷ್ಯ ಸವೆಯುತ್ತಿತ್ತು.

ಈ ಹುಚ್ಚು ಹತ್ತಿದ್ದು ಒಂದು ಸೋಫಾದಿಂದ. ಹಳೆಯ ಸೋಫಾದ ಹೊಟ್ಟೆ ಬಗೆದರೆ ಏನೇನೋ ಸಿಗುತ್ತದೆ: ಬಾಚಣಿಗೆ, ಗುಂಡಿ, ಪೆನ್ನಿನ ಮುಚ್ಚಳ, ಯಾರದೋ ಒಂಟಿ ಓಲೆ. ಅವನು ಅಪ್ಪನ ಕೈಕೆಳಗೆ ಕೆಲಸಕ್ಕೆ ಕೂತ ಹೊಸತರಲ್ಲಿ ಒಂದು ದೊಡ್ಡ ಸೋಫಾದ ಬೆನ್ನು ಬಿಚ್ಚಿದಾಗ ಒಳಗಿನಿಂದ ಮಕ್ಕಳ ಚಿತ್ರಪುಸ್ತಕವೊಂದು ಜಾರಿ ಬಿತ್ತು. ಸ್ಪಂಜು ಸಾಲದೆ ಹೋದಾಗ ಯಾರೋ ಪುಣ್ಯಾತ್ಮ ಅದನ್ನೇ ತುರುಕಿ ಹೊಲಿದುಬಿಟ್ಟಿದ್ದ. ಪುಟ ತೆರೆದರೆ ಮನೆಯೆತ್ತರದ ಡೈನೋಸಾರ್ ಒಂದು ಬಾಲವನ್ನು ನೆಲಕ್ಕೆ ಊರಿ, ಬಾಯಿ ತುಂಬ ಹಲ್ಲು ಬಿಟ್ಟುಕೊಂಡು ನಿಂತಿತ್ತು. ಸೋಫಾದ ಯಜಮಾನರು ಅದು ನಮ್ಮದಲ್ಲ, ನೀನೇ ಇಟ್ಟುಕೋ ಎಂದರು. ಪಕ್ಕದ ಪುಟದಲ್ಲಿ ಅದೇ ಪ್ರಾಣಿಯ ಬರೀ ಮೂಳೆಗಳ ಚಿತ್ರವಿತ್ತು. ಹುಡುಗ ಒಮ್ಮೆ ಮೂಳೆಯನ್ನು, ಒಮ್ಮೆ ಪ್ರಾಣಿಯನ್ನು ನೋಡಿದ. ಅರೆ, ಇದು ನಮ್ಮದೇ ಕೆಲಸವಲ್ಲವೇ! ಚೌಕಟ್ಟು ಕೊಟ್ಟಿದ್ದಾರೆ, ಪಟ್ಟಿ ಬಿಗಿದು, ಸ್ಪ್ರಿಂಗು ಕೂರಿಸಿ, ಸ್ಪಂಜು ಹಾಕಿ, ಬಟ್ಟೆ ಎಳೆದು ಹೊಲಿಯುವುದು ನಮಗೆ ಬಿಟ್ಟಿದ್ದು. ಅವತ್ತು ಅಪ್ಪನ ಕೈಯಲ್ಲಿ ಬೈಸಿಕೊಂಡರೂ ರೆಕ್ಸಿನ್ ತುಂಡಿನ ಹಿಂಬದಿಯ ಮೇಲೆ ಸೀಮೆಸುಣ್ಣದಿಂದ ಬರೆದ, ಒರೆಸಿದ, ಮತ್ತೆ ಬರೆದ. ಅಲ್ಲಿಂದ ಇಲ್ಲಿಯವರೆಗೆ, ತಲೆಕೂದಲು ಅರ್ಧ ಬೆಳ್ಳಗಾಗುವವರೆಗೆ, ಅದನ್ನೇ ಮಾಡುತ್ತ ಬಂದಿದ್ದಾನೆ.

ಆ ಮೊದಮೊದಲ ಚಿತ್ರಗಳಲ್ಲೊಂದು ಅಂಗಡಿಯ ಗೋಡೆಯ ಮೇಲಿತ್ತು. ಬಂದವರೆಲ್ಲ ಭೇಷ್ ಎನ್ನುವವರೇ. ಒಂದು ಬೆಳಿಗ್ಗೆ ಒಬ್ಬ ಸಣಕಲು ಮನುಷ್ಯ ಸೀಟು ಹರಿದ ಗುಂಡು ಸ್ಟೂಲೊಂದನ್ನು ಕಂಕುಳಲ್ಲಿ ಅವುಚಿಕೊಂಡು ಬಂದ. ಸ್ಟೂಲನ್ನು ಕೆಳಗಿಡುವುದನ್ನೂ ಮರೆತು ಗೋಡೆಯನ್ನೇ ದಿಟ್ಟಿಸಿದ.

"ಇದನ್ನ ಬರೆದ ಮಹಾನುಭಾವ ಯಾರು?"

"ನಾನೇ ಸಾರ್," ಎಂದ ಕುಶನ್, ಹೊಗಳಿಕೆಗೆ ಎದೆ ಅಗಲ ಮಾಡಿಕೊಂಡು.

"ಏನಪ್ಪಾ, ಈ ಬಾಲ ಹೀಗೆ ನೆಲಕ್ಕೆ ಉಜ್ಜಿಕೊಂಡು ಹೋದ್ರೆ ಸಂಜೆ ಹೊತ್ತಿಗೆ ತೊಗಲೇ ಕಿತ್ತು ಬರುತ್ತಲ್ಲ! ಅವು ನಡೆದ ಹೆಜ್ಜೆ ಗುರುತು ಸಿಕ್ಕಿದೆ, ಬಾಲ ಎಳೆದ ಗೀರು ಎಲ್ಲಿದೆ? ಬಾಲ ಹಿಂದಕ್ಕೆ ನೆಟ್ಟಗಿರ್ಬೇಕು, ತಕ್ಕಡಿ ದಂಡಿಗೆ ಥರ. ಮುಂದೆ ತಲೆ ಭಾರ, ಹಿಂದೆ ಬಾಲ ಭಾರ. ನೀನು ಬರೆದಿರೋದು ಪ್ರಾಣಿ ಅಲ್ಲ, ಮೂರು ಕಾಲಿನ ಸ್ಟೂಲು."

ಕುಶನ್‌ಗೆ ಮೈಯೆಲ್ಲ ಉರಿದುಹೋಯಿತು. ಆ ಸಿಟ್ಟಿಗೆ ಸ್ಟೂಲಿಗೆ ಇದ್ದಬದ್ದ ಸ್ಪಂಜಿನಲ್ಲೇ ಅತಿ ಗಟ್ಟಿಯಾದದ್ದನ್ನು ಹುಡುಕಿ ಹಾಕಿ ಹೊಲಿದ. ಸ್ಟೂಲು ಒಯ್ಯಲು ಬಂದ ಸಣಕಲ ಅದರ ಮೇಲೆ ಕೂತು ನೋಡಿ, "ಕಲ್ಲು ಹಾಕಿದೀಯಾ ಒಳಗೆ?" ಎಂದ. ಆಮೇಲೆ ಗೋಡೆ ನೋಡಿದ. ಬಾಲ ನೆಲ ಬಿಟ್ಟು ಮೇಲೆದ್ದಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಸ್ನೇಹವಾಯಿತು.

ಆ ಮನುಷ್ಯನಿಗೂ ಇದೇ ಪ್ರಾಣಿಗಳನ್ನು ಬರೆಯುವ ಹುಚ್ಚು, ಕಸುಬು ಮಾತ್ರ ಕಟ್ಟುಹಲ್ಲಿನ ಸೆಟ್ಟು ಮಾಡುವುದು. ದಂತವೈದ್ಯರು ಕಳಿಸುವ ಅಚ್ಚಿಗೆ ಪ್ಲಾಸ್ಟರ್ ಎರೆದು, ಮೇಣದಲ್ಲಿ ವಸಡು ಕಟ್ಟಿ, ಒಂದೊಂದೇ ಹಲ್ಲನ್ನು ಜೋಡಿಸುತ್ತ ದಿನವಿಡೀ ಕೂರುತ್ತಿದ್ದ. ದಿನವೆಲ್ಲ ಪರರ ದವಡೆಯನ್ನು ಕೈಯಲ್ಲಿ ಹಿಡಿಯುವವನು, ತನ್ನ ದವಡೆಗೆ ಒಂದು ಗಳಿಗೆ ವಿರಾಮ ಕೊಡದವನು. ಹೀಗಾಗಿ ಅವನಿಗೆ ದವಡೆ ಎಂಬ ಹೆಸರೇ ನಿಂತಿತು. ವಯಸ್ಸಿನಲ್ಲಿ ದೊಡ್ಡವನಾದ್ದರಿಂದ ಕುಶನ್ ಅವನನ್ನು ದವಡೆಯಣ್ಣ ಎನ್ನುತ್ತಿದ್ದ, ಅವನ ಹೆಂಡತಿಯನ್ನು ಅತ್ತಿಗೆ ಎನ್ನುತ್ತಿದ್ದ.

ಇವರಿಬ್ಬರಿಗೆ ಮೂರನೆಯವಳಾಗಿ ಸೇರಿದವಳು ಜೆರಾಕ್ಸ್ ಅಕ್ಕ. ಮೂಳೆಗಳ ಚಿತ್ರದ ಪ್ರತಿ ತೆಗೆಸಲು ಹೋಗುತ್ತಿದ್ದ ಈ ಇಬ್ಬರ ಜಗಳ ಕೇಳಿ ಕೇಳಿ ಅವಳಿಗೂ ಅಂಟುಜಾಡ್ಯ ತಗುಲಿತು. ಕೆಟ್ಟುಹೋದ ಪ್ರತಿಗಳನ್ನೆಲ್ಲ ನೆನೆಹಾಕಿ, ರುಬ್ಬಿ, ತಂತಿಯ ಮೇಲೆ ಮೆತ್ತಿ ಅವಳು ಪ್ರಾಣಿಗಳನ್ನು ಮಾಡುತ್ತಿದ್ದಳು. ಭಾನುವಾರ ಅವಳ ಅಂಗಡಿಯ ಷಟರ್ ಅರ್ಧ ಇಳಿಯುತ್ತಿತ್ತು, ಕಾಗದದ ಕಟ್ಟುಗಳೇ ಕುರ್ಚಿಗಳಾಗುತ್ತಿದ್ದವು, ಮೂವರೂ ಕೂರುತ್ತಿದ್ದರು. ಆಗಾಗ ಇನ್ನೊಬ್ಬರು ಮತ್ತೊಬ್ಬರು ಬಂದದ್ದುಂಟು. ದವಡೆಯ ಬಾಯಿಗೆ ಹೆದರಿ ಯಾರೂ ನಿಲ್ಲಲಿಲ್ಲ.

ಮೊದಮೊದಲು ಮೂವರೂ ಒಟ್ಟಿಗೆ ಕಿರುಚಾಡುತ್ತಿದ್ದರು. ಪಕ್ಕದ ಅಂಗಡಿಯವರು ಬಂದು ಯಾರಿಗೆ ಏನಾಯಿತು ಎಂದು ಕೇಳಿದ ಮೇಲೆ ಅಕ್ಕ ಒಂದು ನಿಯಮ ಮಾಡಿದಳು. ಚಿತ್ರವನ್ನು ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕಬೇಕು. ಉಳಿದವರು ತಪ್ಪುಗಳನ್ನೆಲ್ಲ ಹೇಳಿ ಮುಗಿಸುವ ತನಕ ಚಿತ್ರ ತಂದವರು ಬಾಯಿ ಬಿಡುವಂತಿಲ್ಲ. ಕುಶನ್ ಹೇಗೋ ತುಟಿ ಕಚ್ಚಿಕೊಂಡು ಕೂರುತ್ತಿದ್ದ. ದವಡೆ ಮಾತ್ರ ತನ್ನ ಚಿತ್ರ ನೇತು ಬಿದ್ದ ದಿನ ಜೇಬಿನಿಂದ ಕರವಸ್ತ್ರ ತೆಗೆದು ಬಾಯಿಗೆ ತುರುಕಿಕೊಳ್ಳುತ್ತಿದ್ದ. ಬೇರೆ ದಾರಿಯಿಂದ ಆ ಬಾಯಿ ಮುಚ್ಚುವಂಥದ್ದಾಗಿರಲಿಲ್ಲ.

ಬೇರೆಯವರ ಚಿತ್ರವಾದರೆ ಕೇಳುವುದೇ ಬೇಡ. "ಅಂಗೈ ಯಾಕೋ ನೆಲ ನೋಡ್ತಿದೆ? ಎರಡೂ ಅಂಗೈ ಒಂದನ್ನೊಂದು ನೋಡ್ಬೇಕು, ಬುಟ್ಟಿ ಹಿಡ್ಕೊಂಡ ಹಾಗೆ!" "ತುಟಿ ಎಲ್ಲಮ್ಮಾ? ಹಲ್ಲು ಹೊರಗೆ ಬಿಟ್ಟು ಒಣಗಿಸಿದ್ರೆ ಬಾಳಿಕೆ ಬರುತ್ತಾ? ಜೀವಮಾನ ಹಲ್ಲು ಮಾಡಿದೋನು ನಾನು, ಕೇಳಿ!" ಹಾಗೆಂದು ಅವನು ಹೇಳಿದ್ದೆಲ್ಲ ಸರಿಯೇ? ಎಲ್ಲಿ ಬಂತು! ನೀರಿನ ಪ್ರಾಣಿಯೊಂದರ ಬಾಲದ ರೆಕ್ಕೆ ಹೀಗೇ ಇತ್ತೆಂದು ವರ್ಷಗಟ್ಟಲೆ ವಾದಿಸಿ, ಕೊನೆಗೆ ಅದು ಪೂರಾ ತಪ್ಪೆಂದು ಅಕ್ಕ ಅಚ್ಚಾದ ಲೇಖನವೊಂದರ ಜೆರಾಕ್ಸ್ ಕಾಗದ ತಂದು ತೋರಿಸಿದಾಗ, "ಕಾಗದ ತೆಳ್ಳಗಿದೆ," ಎಂದು ಹೇಳಿ ಮಾತು ಮರೆಸಿದ ಗಿರಾಕಿ ಅವನು. ತಪ್ಪೊಪ್ಪಿಕೊಂಡದ್ದನ್ನು ಕಂಡವರಿಲ್ಲ. ಒಂದೇ ಒಂದು ಭಾನುವಾರ ಈ ಮನುಷ್ಯ ತೆಪ್ಪಗಿದ್ದರೆ ಎಷ್ಟು ಸುಖ ಎಂದು ಅವನ ಗೆಳೆಯರಿಬ್ಬರೂ ಒಳಗೊಳಗೇ ಅಂದುಕೊಂಡಿದ್ದರು, ಒಮ್ಮೆಯಲ್ಲ, ಹತ್ತಾರು ಸಲ.

ಆಮೇಲೆ ಅವನ ಗಂಟಲು ಕಟ್ಟಿತು. ಕೂಗಾಡಿ ಕಟ್ಟಿದೆ ಎಂದು ಎಲ್ಲರೂ ತಮಾಷೆ ಮಾಡಿದರು. ಬಿಸಿನೀರು, ಕಷಾಯ ಎಲ್ಲ ಆಯಿತು. ಬಿಡಲಿಲ್ಲ. ಆಸ್ಪತ್ರೆಯಲ್ಲಿ ನೋಡಿ, ಸ್ವರ ಹೊರಡುವ ಜಾಗದಲ್ಲೇ ಸಣ್ಣದೊಂದು ಗಂಟು ಬೆಳೆದಿದೆ, ತೆಗೆಯಬೇಕು ಎಂದರು. ತೆಗೆದರು. ಅದು ಕೆಟ್ಟ ಗಂಟೋ ಅಲ್ಲವೋ ಎಂಬ ಫಲಿತಾಂಶ ಬರುವ ತನಕ ಕುಶನ್‌ಗೆ ಊಟ ಸೇರಲಿಲ್ಲ. ಕೆಟ್ಟದ್ದಲ್ಲ ಎಂದು ಗೊತ್ತಾದ ದಿನ ಹೋದ ಜೀವ ಬಂದಂತಾಗಿ ಅಂಗಡಿ ಮುಚ್ಚಿಕೊಂಡು ಮನೆಗೆ ಹೋಗಿ ಮಲಗಿಬಿಟ್ಟ.

ಕೆಲವು ದಿನ ಬಾಯಿ ಮುಚ್ಚಿಕೊಂಡಿರಿ, ಆಮೇಲೆ ನಿಧಾನವಾಗಿ ಮಾತು ಶುರುಮಾಡಿ ಎಂದಿದ್ದರು ವೈದ್ಯರು. ದವಡೆಗೆ ಮಕ್ಕಳು ಬರೆಯುವ ಸ್ಲೇಟೊಂದು ಬಂತು. ಹೇಳಿದ ದಿನಗಳು ಮುಗಿದವು. ಒಂದು ಬೆಳಿಗ್ಗೆ ಅವನು ಬಚ್ಚಲ ಬಾಗಿಲು ಹಾಕಿಕೊಂಡು ಮಾತಾಡಿ ನೋಡಿದ. ಏನು ಹೊರಟಿತೋ ಏನೋ, ಹೊರಗೆ ಬಂದವನ ಮುಖದಲ್ಲಿ ರಕ್ತವಿರಲಿಲ್ಲ. ಅಂದಿನಿಂದ ಅವನು ಸ್ಲೇಟು ಬಿಡಲಿಲ್ಲ.

ಒಂದು ಭಾನುವಾರ ಸ್ಲೇಟಿನ ಸಮೇತ ಜೆರಾಕ್ಸ್ ಅಂಗಡಿಗೆ ಬಂದ. ಅಕ್ಕ ಮಾಡಿದ ಉದ್ದ ಕತ್ತಿನ ಪ್ರಾಣಿ ಮೇಜಿನ ಮೇಲಿತ್ತು. ಕುಶನ್ ಕತ್ತಿನ ಮಾತೆತ್ತಿದ, ಅಕ್ಕ ಉತ್ತರ ಕೊಟ್ಟಳು, ಮಾತು ಕತ್ತಿನಿಂದ ಎದೆಗೆ, ಎದೆಯಿಂದ ಮುಂಗಾಲಿಗೆ ಹೋಯಿತು. ಆಗ ದವಡೆ ಸ್ಲೇಟು ಎತ್ತಿ ತೋರಿಸಿದ. ಅದರಲ್ಲಿ ಕತ್ತಿನ ಬಗ್ಗೆ ಬರೆದಿತ್ತು. ಇಬ್ಬರೂ ತಟ್ಟನೆ ಮಾತು ನಿಲ್ಲಿಸಿ, ಹೌದಣ್ಣ, ಸರಿಯಣ್ಣ ಎಂದು ಮಗುವಿಗೆ ಹೇಳುವ ಹಾಗೆ ಹೇಳಿದರು. ಅವನು ಇಬ್ಬರ ಮುಖವನ್ನೂ ನೋಡಿದ, ಸ್ಲೇಟನ್ನು ಅಂಗಿಯ ತೋಳಿನಿಂದ ಒರೆಸಿದ, ಎದ್ದು ಹೋದ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಗೆಳೆಯರು ಬಯಸಿದ್ದ ಸುಖ ಕೈಗೆ ಸಿಕ್ಕಿತ್ತು. ಇಬ್ಬರೂ ಅರ್ಧಗಂಟೆ ಕೂತು, ತಪ್ಪು ಹುಡುಕಲು ಮನಸ್ಸಿಲ್ಲದೆ, ಚೆನ್ನಾಗಿದೆ ಚೆನ್ನಾಗಿದೆ ಎಂದುಕೊಂಡು ಮನೆಗೆ ಹೋಗುತ್ತಿದ್ದರು. ಅಷ್ಟು ಸಪ್ಪೆ ಭಾನುವಾರಗಳನ್ನು ಕುಶನ್ ಜನ್ಮದಲ್ಲಿ ಕಂಡಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಅತ್ತಿಗೆ ಅದೇ ಗುಂಡು ಸ್ಟೂಲನ್ನು ಹೊತ್ತುಕೊಂಡು ಅಂಗಡಿಗೆ ಬಂದಳು. ಕುಶನ್ ಸ್ಟೂಲನ್ನು ತಿರುಗಿಸಿ ಮುರುಗಿಸಿ ನೋಡಿದ. ಅವನೇ ಸಿಟ್ಟಿನಲ್ಲಿ ಹಾಕಿದ ಗಟ್ಟಿ ಸ್ಪಂಜು ಕಲ್ಲುಗುಂಡಿನಂತೆ ಕೂತಿತ್ತು.

"ಇದಕ್ಕೇನೂ ಆಗಿಲ್ವಲ್ಲ ಅತ್ತಿಗೆ."

"ಏನೂ ಆಗಿಲ್ಲ ಕಣಪ್ಪ. ಎಲ್ಲಿಗೆ ಹೊರಟೆ ಅಂತ ಸ್ಲೇಟಲ್ಲಿ ಕೇಳಿದ್ರು. ಒಂದು ನೆಪ ಬೇಕಿತ್ತು." ಅವಳು ಅದೇ ಸ್ಟೂಲಿನ ಮೇಲೆ ಕೂತಳು. "ಆಸ್ಪತ್ರೇಲಿ ಸ್ವರದ ಅಭ್ಯಾಸ ಮಾಡಿಸೋ ಮೇಡಂ ಹೇಳಿದ್ರು. ಗಂಟಲು ವಾಸಿಯಾಗಿದೆ, ಒಳಗೆ ಎಲ್ಲ ಸರಿ ಇದೆ. ಇವರೇ ಬಾಯಿ ಬಿಡ್ತಿಲ್ಲ. ಹೀಗೇ ಬಿಟ್ರೆ ಸ್ವರಕ್ಕೆ ಅಭ್ಯಾಸ ತಪ್ಪಿ ಹೋಗುತ್ತೆ, ಆಮೇಲೆ ತರೋದು ಬಹಳ ಕಷ್ಟ ಅಂತ. ಇವರು ಅಲ್ಲೂ ಸ್ಲೇಟೇ ತೋರಿಸಿದ್ರು."

ಕುಶನ್ ಕೈಯಲ್ಲಿದ್ದ ಸೂಜಿ ಕೆಳಗಿಟ್ಟ. "ನೀವು ಹೇಳಿ ನೋಡಿದ್ರಾ?"

"ಹೇಳದೆ ಬಿಡ್ತೀನಾ? ಪ್ರೀತಿಯಿಂದ ಕೇಳಿದೆ. ಅತ್ತು ಕೇಳಿದೆ. ಒಂದು ದಿನ ನಾನೂ ಮಾತಾಡಲ್ಲ ಅಂತ ಕೂತೆ. ಅವರು ‘ಊಟ ಮಾಡು’ ಅಂತ ಬರೆದು ತೋರಿಸಿದ್ರು. ನೋಡಪ್ಪ, ನನ್ನ ಹತ್ರ ಅವರು ಯಾವತ್ತೂ ಸಮಾಧಾನವಾಗೇ ಮಾತಾಡಿದೋರು. ಸಮಾಧಾನದ ಮಾತು ಸ್ಲೇಟಲ್ಲೂ ಬರೀಬಹುದು. ಬೈಯೋದಕ್ಕಾದ್ರೆ ಬಾಯೇ ಬೇಕು. ಅವರು ಬೈಯೋದು ನಿಮ್ಮನ್ನ." ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. "ಏನಾದ್ರೂ ಮಾಡು. ನಿಮ್ಮ ಆ ಹಾಳು ಮೂಳೆಗಳ ಕಾಟಕ್ಕೆ ಎಷ್ಟು ಶಾಪ ಹಾಕಿದ್ದೆ. ಈಗ ಯಾರಾದ್ರೂ ಬಂದು ಮನೇಲಿ ಕಿರುಚಾಡಿದ್ರೆ ಸಾಕು ಅನ್ನಿಸಿದೆ."

ಸಂಜೆ ಕುಶನ್ ಜೆರಾಕ್ಸ್ ಅಂಗಡಿಗೆ ಓಡಿದ. ಅಕ್ಕ ಒಬ್ಬ ಗಿರಾಕಿಯ ಕಾಗದಗಳನ್ನು ಯಂತ್ರಕ್ಕೆ ಕೊಡುತ್ತಲೇ ಎಲ್ಲ ಕೇಳಿಸಿಕೊಂಡಳು.

"ಅಣ್ಣನಿಗೆ ತಡೆಯೋಕಾಗದೆ ಇರೋದು ಏನು ಹೇಳು," ಎಂದಳು.

"ತಪ್ಪು ಚಿತ್ರ."

"ಹಾಗಾದ್ರೆ ಬರಿ. ಒಂದು ತಪ್ಪಲ್ಲ. ಅವರು ಜೀವಮಾನದಲ್ಲಿ ಯಾವ್ಯಾವುದಕ್ಕೆ ಬೈದಿದ್ದಾರೋ ಅಷ್ಟನ್ನೂ ಒಂದೇ ಹಾಳೇಲಿ ಹಾಕು. ಹೊಟ್ಟೆ ಉರಿದು ಬಾಯಿ ತಾನೇ ಬಿಡುತ್ತೆ."

ಕುಶನ್‌ಗೆ ಉಪಾಯ ಹಿಡಿಸಿತು. ಆದರೆ ಹಾಳೆಯ ಮುಂದೆ ಕೂತಾಗ ಗೊತ್ತಾಯಿತು, ಬೇಕೆಂದು ತಪ್ಪು ಮಾಡುವುದು ಸರಿ ಮಾಡುವುದಕ್ಕಿಂತ ತ್ರಾಸದ ಕೆಲಸ. ಬಾಲವನ್ನು ನೆಲಕ್ಕೆ ಇಳಿಸಹೋದರೆ ಕೈ ತಾನಾಗಿ ಅದನ್ನು ಮೇಲಕ್ಕೆ ಎತ್ತುತ್ತಿತ್ತು. ಮನಸ್ಸು ಗಟ್ಟಿಮಾಡಿಕೊಂಡು ಇಳಿಸಿದ. ಅಂಗೈಗಳನ್ನು ನೆಲಕ್ಕೆ ತಿರುಗಿಸಿದ. ಪ್ರಾಣಿ ಭಿಕ್ಷೆ ಬೇಡುವ ನಾಯಿಯಂತಾಯಿತು. ತುಟಿ ಕಿತ್ತೆಸೆದು ಒಂದೊಂದು ಹಲ್ಲನ್ನೂ ಹೊರಗಿಟ್ಟ. ಕೊನೆಗೆ ತಲೆಗೆ ಬಂದ. ತಲೆಬುರುಡೆಯ ಮೇಲೆ ಮಾಂಸವನ್ನೇ ಹಾಕದೆ ಬರೀ ಚರ್ಮ ಅಂಟಿಸಿ, ಒಳಗಿನ ತೂತುಗಳೆಲ್ಲ ಗುಳಿಬಿದ್ದು ಕಾಣುವ ಹಾಗೆ ಮಾಡಿದ. ಸ್ಪಂಜು ಹಾಕದೆ ಚೌಕಟ್ಟಿನ ಮೇಲೇ ರೆಕ್ಸಿನ್ ಬಿಗಿದ ಕುರ್ಚಿ ನೋಡಿದಂತಾಗಿ ಅವನಿಗೇ ವಾಕರಿಕೆ ಬಂತು. ದೂರ ನಿಂತು ನೋಡಿದರೆ, ಅರೆ, ಇದು ಆ ಹಳೆಯ ಸೋಫಾದಲ್ಲಿ ಸಿಕ್ಕ ಪುಸ್ತಕದ ಪ್ರಾಣಿಯೇ!

ಹೆಂಡತಿ ಬಂದು ಹಿಂದೆ ನಿಂತಳು. ಇಷ್ಟು ವರ್ಷ ಅವನ ಯಾವ ಚಿತ್ರಕ್ಕೂ ಎರಡು ಮಾತು ಖರ್ಚು ಮಾಡದವಳು ಅವತ್ತು ಕೆನ್ನೆಯ ಮೇಲೆ ಕೈಯಿಟ್ಟುಕೊಂಡಳು.

"ಏನ್ರೀ, ಈಗ ನೋಡಿ, ಎಷ್ಟು ಚೆನ್ನಾಗಿದೆ! ಭಯಂಕರ ಅಂದ್ರೆ ಹೀಗಿರ್ಬೇಕು. ಇಷ್ಟು ದಿನ ಬರೀ ಕೋಳಿ ಥರ ಬರೀತಿದ್ರಲ್ಲ!"

ಕುಶನ್ ತಲೆಯ ಮೇಲೆ ಕೈಹೊತ್ತು ಕೂತ.

ಅಷ್ಟು ತಪ್ಪು ಬರೆದ ಮೇಲೆ ಕೈಗೆ ಏನೋ ಮೈಲಿಗೆಯಾದಂತೆ ಅನ್ನಿಸತೊಡಗಿತು. ಹಾಳೆಯ ಕೆಳಗಿನ ಮೂಲೆಯಲ್ಲಿ ಗೇಣಗಲ ಜಾಗ ಖಾಲಿ ಉಳಿದಿತ್ತು. ಅಲ್ಲಿ, ದೊಡ್ಡ ಪ್ರಾಣಿಯ ಪಾದದ ಪಕ್ಕ, ಒಂದು ಕೋಳಿಗಾತ್ರದ ಗರಿಯ ಡೈನೋಸಾರನ್ನು ಕೂರಿಸಿದ. ಇದನ್ನು ಮಾತ್ರ ಮನಸ್ಸಿಟ್ಟು, ತನಗೆ ಗೊತ್ತಿದ್ದಷ್ಟನ್ನೂ ಸುರಿದು ಬರೆದ. ಬಾಲ ನೆಟ್ಟಗೆ, ತುಟಿ ಮುಚ್ಚಿ, ಅಂಗೈ ಅಂಗೈ ನೋಡಿಕೊಂಡು. ಭುಜದಿಂದ ಶುರುಮಾಡಿ ಗರಿಗಳನ್ನು ಒಂದರ ಮೇಲೊಂದು ಹೊದಿಸುತ್ತ ಬಂದು, ಕುರ್ಚಿಯ ಕೈಗೆ ಅಂಚು ಕಟ್ಟುವಷ್ಟೇ ನಾಜೂಕಾಗಿ ಮಣಿಕಟ್ಟಿನಲ್ಲಿ ಮುಗಿಸಿ, ಅದರಾಚೆ ಮೂರು ಉಗುರುಬೆರಳುಗಳನ್ನು ಚೊಕ್ಕವಾಗಿ ಬಿಟ್ಟ. ಇಷ್ಟು ಒಳ್ಳೆಯ ಪ್ರಾಣಿಯನ್ನು ತಾನು ಈವರೆಗೆ ಬರೆದಿಲ್ಲ ಅನ್ನಿಸಿತು. ಮನಸ್ಸು ಹಗುರಾಯಿತು.

ಭಾನುವಾರ ಅವನೂ ಅಕ್ಕನೂ ಚಿತ್ರ ಸುತ್ತಿಕೊಂಡು ದವಡೆಯ ಮನೆಗೆ ಹೋದರು. ಅವನು ಕೆಲಸದ ಕೋಣೆಯಲ್ಲಿ ಗುಂಡು ಸ್ಟೂಲಿನ ಮೇಲೆ ಕೂತಿದ್ದ. ಗೋಡೆಯ ಹಲಗೆಗಳ ತುಂಬ ಪ್ಲಾಸ್ಟರ್ ದವಡೆಗಳು, ಮೇಣ ಕರಗಿಸುವ ಪುಟ್ಟ ದೀಪ, ಗಾಜಿನ ಲೋಟದಲ್ಲಿ ನೆನೆದ ಹಲ್ಲುಗಳು. ಅಷ್ಟು ಬಾಯಿಗಳ ನಡುವೆ ಒಂದೂ ಮಾತಿಲ್ಲ. ದವಡೆ ನಕ್ಕು, ಬನ್ನಿ ಎಂದು ಕೈಯಾಡಿಸಿದ. ಅಕ್ಕ ಕಿಟಕಿಯ ಸರಳಿಗೂ ಬಾಗಿಲ ಚಿಲಕಕ್ಕೂ ಹಗ್ಗ ಕಟ್ಟಿ, ಚಿತ್ರಕ್ಕೆ ಕ್ಲಿಪ್ ಹಾಕಿದಳು.

"ಕುಶನ್ ಚಿತ್ರ ತಂದಿದ್ದಾನೆ. ಅವನು ಬಾಯಿ ಬಿಡಂಗಿಲ್ಲ. ಅಣ್ಣ, ಮೊದಲು ನೀವು."

ದವಡೆ ನೋಡಿದ. ಬಾಲ ನೋಡಿದ, ಅಂಗೈ ನೋಡಿದ, ಹಲ್ಲು ನೋಡಿದ. ಅವನ ಹುಬ್ಬು ಗಂಟಾಯಿತು, ಮೂಗಿನ ಹೊಳ್ಳೆ ಅರಳಿತು. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ದವಡೆಯ ಕಣ್ಣು ಬುರುಡೆಯ ತೂತುಗಳಿಗೆ ಬಂತು. ಅಲ್ಲಿ ನಿಂತಿತು. ಇದ್ದಕ್ಕಿದ್ದಂತೆ ಅವನ ಹೆಗಲು ಕುಲುಕತೊಡಗಿತು. ಸದ್ದಿಲ್ಲದ ನಗು. ನಕ್ಕು ನಕ್ಕು ಕಣ್ಣೊರೆಸಿಕೊಂಡು ಸ್ಲೇಟು ಎತ್ತಿ ಬರೆದ: ‘ನಾಟಕ ಚೆನ್ನಾಗಿದೆ.’ ಒರೆಸಿ ಮತ್ತೆ ಬರೆದ: ‘ಬಾಲ ಒಂದೇ ಸಾಕಿತ್ತು. ಎಲ್ಲ ತುಂಬಿ ಕೆಡಿಸಿದೆ.’ ಕುಶನ್‌ನ ಬೆನ್ನು ತಟ್ಟಿದ.

ಸಿಕ್ಕಿಬಿದ್ದ ಕಳ್ಳರಂತೆ ಇಬ್ಬರೂ ಕೂತರು. ಬೇಕೆಂದು ಮಾಡಿದ ತಪ್ಪಿಗೆ ಯಾರಿಗೆ ಸಿಟ್ಟು ಬರುತ್ತದೆ! ಅತ್ತಿಗೆ ಮುಖ ಸಣ್ಣದು ಮಾಡಿಕೊಂಡು ಟೀ ತಂದಳು. ಕುಡಿದದ್ದಾಯಿತು. ಟ್ರೇ ಕೈಗೆ ಸಿಗದೆ ಅವಳು ಅಲ್ಲೇ ಬಿದ್ದಿದ್ದ ಸ್ಲೇಟನ್ನೇ ಎತ್ತಿ, ಅದರ ಮೇಲೆ ಖಾಲಿ ಲೋಟಗಳನ್ನಿಟ್ಟುಕೊಂಡು ಒಳಗೆ ಹೋದಳು. ಹೊರಡೋಣ ಎಂದು ಕುಶನ್ ಎದ್ದ. ಗೆಳೆಯನ ಸ್ವರ ಇನ್ನು ಬರುವುದಿಲ್ಲ, ತನ್ನಿಂದ ಅದನ್ನು ತರಿಸಲಾಗಲಿಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಕ್ಲಿಪ್ ತೆಗೆದು, ಚಿತ್ರವನ್ನು ನೆಲದ ಮೇಲೆ ಹಾಸಿ, ಮೇಲಿನ ಅಂಚಿನಿಂದ ಸುತ್ತುತ್ತ ಬಂದ. ಹಲ್ಲು ಮರೆಯಾಯಿತು. ಅಂಗೈ ಮರೆಯಾಯಿತು. ಬಾಲ ಮರೆಯಾಯಿತು.

ಪಟ್ ಎಂದು ಹಾಳೆಯ ಮೇಲೆ ಒಂದು ಕೈ ಬಿತ್ತು.

ದವಡೆ ಸ್ಟೂಲಿನಿಂದ ಇಳಿದು ನೆಲದ ಮೇಲೆ ಮಂಡಿಯೂರಿದ್ದ. ಕನ್ನಡಕವನ್ನು ಹಣೆಗೇರಿಸಿ, ಮೂಗು ತಾಗುವಷ್ಟು ಬಗ್ಗಿ ಮೂಲೆಯ ಪುಟ್ಟ ಪ್ರಾಣಿಯನ್ನು ನೋಡುತ್ತಿದ್ದ. ಒಂದು ಕೈ ಹಿಂದೆ ಚಾಚಿ ಸ್ಲೇಟಿಗೆ ತಡಕಾಡಿದ. ಮೇಜಿನ ಮೇಲಿಲ್ಲ. ಸ್ಟೂಲಿನ ಮೇಲಿಲ್ಲ. ಆಚೆ ನೋಡಿದ, ಈಚೆ ನೋಡಿದ, ಬೆರಳನ್ನು ಚಿತ್ರದ ಮೇಲೆ ಕುಟ್ಟಿದ, ಕುಶನ್‌ನ ಮುಖ ನೋಡಿದ. ಕುಶನ್‌ಗೆ ಏನೂ ತಿಳಿಯಲಿಲ್ಲ. ದವಡೆ ಮತ್ತೆ ಕುಟ್ಟಿದ. ಅವನ ಮುಖ ಕೆಂಪಾಯಿತು.

"ಗರಿ!"

ನೆಲದ ಮೇಲೆ ಕಬ್ಬಿಣದ ಕುರ್ಚಿ ಎಳೆದಂಥ ಸದ್ದು. ಅದು ಎಲ್ಲಿಂದ ಬಂತೆಂದು ಅಕ್ಕ ಕಿಟಕಿಯ ಕಡೆ ತಿರುಗಿದಳು.

"ಗರಿ... ಬೆರಳಿಗೆ ಬರ್ಬೇಕು ಕಣೋ! ಎರಡನೇ ಬೆರಳಿಗೆ! ಮಣಿಕಟ್ಟಿಗೇ ನಿಲ್ಲಿಸಿದೀಯಲ್ಲ!" ಸ್ವರ ಸೀಳಿತು, ಒಡೆಯಿತು, ಮತ್ತೆ ಕೂಡಿಕೊಂಡಿತು. "ಹಕ್ಕಿ ನೋಡಿಲ್ವಾ ನೀನು? ತುಂಬುತೋಳಿನ ಅಂಗಿ ತೊಡಿಸಿದೀಯಾ ಅದಕ್ಕೆ? ಗುಂಡಿ ಎಲ್ಲೋ, ಗುಂಡಿ?"

ಮೊದಲು ಕುಶನ್‌ಗೆ ಆದದ್ದು ಸಂತೋಷವಲ್ಲ, ಅವಮಾನ. ಮನಸ್ಸಿಟ್ಟು, ಉಸಿರು ಬಿಗಿಹಿಡಿದು ಬರೆದ ಪ್ರಾಣಿ! ಅದೊಂದೇ ಸರಿ ಇರುವುದು ಎಂದುಕೊಂಡ ಪ್ರಾಣಿ!

"ಅಣ್ಣ, ಅದು ನಾನು ಸರಿಯಾಗೇ..."

ದವಡೆ ತೋರುಬೆರಳು ಎತ್ತಿದ. "ಚಿತ್ರ ತಂದವನು ಬಾಯಿ ಬಿಡಂಗಿಲ್ಲ!"

ಹಾಗೆಂದವನು ಬೆರಳು ಎತ್ತಿದ್ದಂತೆಯೇ ನಿಂತುಬಿಟ್ಟ. ತಾನು ಏನು ಮಾಡಿದೆ ಎಂಬುದು ಅವನಿಗೆ ಆಗಷ್ಟೇ ಹೊಳೆದಿತ್ತು. ಇನ್ನೊಂದು ಕೈ ತಾನಾಗಿ ಗಂಟಲಿಗೆ ಹೋಯಿತು. ಅಡುಗೆಮನೆಯ ಬಾಗಿಲಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಗಲಗಲ ಎಂದವು. ಅತ್ತಿಗೆ ಲೋಟಗಳಿದ್ದ ಸ್ಲೇಟನ್ನು ಹಿಡಿದೇ ವಾಪಸು ಬಂದು ನಿಂತಿದ್ದಳು. ಅವನು ಅವಳ ಕಡೆ ನೋಡಿದ. ಆಮೇಲೆ ಸ್ಲೇಟಿನ ಕಡೆ ನೋಡಿ ನಿಧಾನಕ್ಕೆ ಕೈ ಚಾಚಿದ.

ಅವಳು ಸ್ಲೇಟನ್ನು ಬೆನ್ನ ಹಿಂದೆ ಅಡಗಿಸಹೋದಳು. ಎರಡು ಲೋಟ ಬಿದ್ದು ಒಡೆದವು. ಅತ್ತ ಯಾರೂ ನೋಡಲಿಲ್ಲ.

"ಅವನು ಬಾಯಿ ಬಿಡಲ್ಲ," ಎಂದಳು ಅತ್ತಿಗೆ, ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿದ್ದರೂ ಮಾತು ಗಟ್ಟಿಯಾಗಿತ್ತು. "ನೀವು ಹೇಳಿ. ಇನ್ನೂ ಏನೇನು ತಪ್ಪಿದೆ, ಎಲ್ಲ ಹೇಳಿ. ನಾನೂ ಕೇಳ್ತೀನಿ."

ಅವಳು ಬಂದು ಆ ಗುಂಡು ಸ್ಟೂಲಿನ ಮೇಲೆ ಕೂತಳು. ಇಷ್ಟು ವರ್ಷಗಳಲ್ಲಿ ಅವರ ಮೂಳೆಗಳ ಮಾತಿಗೆ ಅವಳು ಕೂತದ್ದು ಅದೇ ಮೊದಲು. ದವಡೆ ಕೆಮ್ಮಿದ. ಕೆಮ್ಮಿಗೂ ಸದ್ದು ಬಂತು. ನೆಲದ ಮೇಲೆ ಸರಿಯಾಗಿ ಕೂತು ಸುತ್ತಿದ್ದ ಹಾಳೆಯನ್ನು ಬಿಚ್ಚಿ ಹಾಸಿದ.

"ಮೊದಲನೇದು," ಎಂದ ಆ ಒಡಕು ಸ್ವರದಲ್ಲಿ, ಒಂದೊಂದೇ ಪದವನ್ನು ಎಳೆದು ತರುತ್ತ. "ಬೆರಳಿಗೆ ಗರಿ ಇಲ್ದಿದ್ರೆ ಅದು ರೆಕ್ಕೆನೇ ಅಲ್ಲ. ಎರಡನೇದು..."

ಕುಶನ್‌ಗೆ ಹೇಳುವುದು ಬೇಕಾದಷ್ಟಿತ್ತು. ಎದೆಯೊಳಗಿಂದ ನಗುವೋ ಅಳುವೋ ಯಾವುದೋ ಒತ್ತರಿಸಿಕೊಂಡು ಬರುತ್ತಿತ್ತು. ಆದರೆ ನಿಯಮ ನಿಯಮವೇ. ಜೇಬಿನಿಂದ ಕರವಸ್ತ್ರ ತೆಗೆದು ಬಾಯಿಗೆ ತುರುಕಿಕೊಂಡ. ಕೆನ್ನೆ ಒದ್ದೆಯಾಗುತ್ತಿದ್ದರೆ ಆಗಲಿ ಎಂದು ಬಿಟ್ಟು, ಹೇಳಿದ ಪ್ರತಿಯೊಂದು ತಪ್ಪಿಗೂ ತಲೆಯಾಡಿಸುತ್ತ ಕೂತ.